ಮನೆಯಲ್ಲಿ ತಯಾರಿಸುವ ಅಲಂಕೃತ ಕೇಕ್‌ಗಳಿಗೆ ನ್ಯಾಯಯುತ ದರ ನಿಗದಿ

(ಆಹಾರೋದ್ಯಮದಲ್ಲಿ ತೊಡಗಿರುವ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ಹುಟ್ಟುಹಬ್ಬ, ನಿಶ್ಚಿತಾರ್ಥ, ನಿವೃತ್ತಿಯ ಬೀಳ್ಕೊಡುಗೆ ಮುಂತಾದ ಸಂದರ್ಭಗಳಲ್ಲಿ ಕೇಕ್ ಕತ್ತರಿಸುವ ರೂಢಿ ಈಗ ಹಳ್ಳಿಗಳಿಗೂ ಬಂದಿದೆ. ಅದರಿಂದಾಗಿ ನಿಮ್ಮಲ್ಲಿ ಅನೇಕರು ಮನೆಯಲ್ಲಿಯೇ ಕೇಕ್ ತಯಾರಿಸಿ, ಗ್ರಾಹಕರು ಬಯಸಿದ ಹೆಸರು, ಹೂವು, ಬೊಂಬೆಗಳಿಂದ ಅಲಂಕರಿಸಿ ಮಾರುತ್ತಿದ್ದೀರಿ. ಕೇಕ್ ಮಾಡುವ ವಿಧಾನವನ್ನು ನಿಮಗೆ ಹೇಳಿಕೊಡಬೇಕಾದ ಅಗತ್ಯವಿಲ್ಲ. ಅದಕ್ಕೆ ದರ ಕಟ್ಟುವ ಬಗೆ ಯಾವುದು ಎಂಬುದಷ್ಟೇ ಇಂದಿನ ವಿಷಯ.

ನಮ್ಮ ಊರುಗಳಲ್ಲಿ ಮುಯ್ಯಿ ಎಂಬ ಪದ್ಧತಿಯಿದೆ. ಮದುವೆಯ ಮನೆಗೆ ನೆರೆಹೊರೆಯ ಹೆಂಗಸರು ಹೋಗಿ ಹೋಳಿಗೆ, ಚಕ್ಕುಲಿ ಮಾಡಿಕೊಡುತ್ತಾರೆ. ತಮ್ಮ ಮನೆಯ ಕಾರ್ಯ ಬಂದಾಗ ಆ ಮನೆಯವರು ಬಂದು ಕೈಗೂಡಿಸುತ್ತಾರೆ. ಅಲ್ಲಿ ದುಡಿಮೆಗೆ ದುಡಿಮೆಯೇ ಪ್ರತಿಫಲ. ಆದರೆ ಕೇಕ್ ಖರೀದಿಸಿದವರು ನಾಳೆ ಬಂದು ನಿಮ್ಮ ಮನೆಯ ಕೆಲಸ ಮಾಡಿಕೊಡುವುದಿಲ್ಲ. ನಿಮ್ಮ ದುಡಿಮೆ ಹಿಂದಿರುಗಿ ಬರಬೇಕಾದ ದಾರಿ ದರವೊಂದೇ. ಮುಯ್ಯಿಯ ಮನೋಭಾವದಲ್ಲಿ ದರ ಹೇಳಿ ಮಾರುಕಟ್ಟೆಯಲ್ಲಿ ವ್ಯಾಪಾರ ಮಾಡಿದರೆ, ಆ ನಷ್ಟ ನಿಮ್ಮ ಮನೆಗೇ ಉಳಿಯುತ್ತದೆ.

ಒಂದು ಕಿಲೋ ಕೇಕಿನ ಲೆಕ್ಕವನ್ನು ನೋಡೋಣ. ಇಲ್ಲಿ ಹೇಳುವ ಮೊತ್ತಗಳು ಉದಾಹರಣೆಗಾಗಿ ಮಾತ್ರ. ನಿಮ್ಮ ಊರಿನ ದರಗಳನ್ನು ನೀವೇ ಹಾಕಿಕೊಳ್ಳಬೇಕು. ಮೈದಾ, ಸಕ್ಕರೆ, ಎಣ್ಣೆ, ಹಾಲು, ಕೋಕೋ, ಕ್ರೀಮ್ ಸೇರಿ 310 ರೂಪಾಯಿ. ಹಲಗೆ, ಡಬ್ಬ, ಮೇಣದಬತ್ತಿಗೆ 80 ರೂಪಾಯಿ. ಗ್ಯಾಸ್ ಮತ್ತು ವಿದ್ಯುತ್ತಿಗೆ 30 ರೂಪಾಯಿ. ಒಟ್ಟು 420 ರೂಪಾಯಿ. ಪೇಟೆಯ ಬೇಕರಿಯಲ್ಲಿ ಇಂಥದೇ ಕೇಕ್ 600 ರೂಪಾಯಿಗೆ ಸಿಗುತ್ತದೆಂದು ನೀವೂ ಅಷ್ಟಕ್ಕೇ ಕೊಟ್ಟರೆ, 180 ರೂಪಾಯಿ ಲಾಭ ಬಂದಂತೆ ತೋರುತ್ತದೆ.

ಈಗ ಬಿಟ್ಟುಹೋದ ಬಾಬುಗಳನ್ನು ಸೇರಿಸೋಣ. ಓವನ್ ಮತ್ತು ಬೀಟರ್‌ಗೆ 18,000 ರೂಪಾಯಿ ವ್ಯಯವಾಗಿದ್ದು, ಅವು ಐದು ವರ್ಷ ಬಾಳಿ, ತಿಂಗಳಿಗೆ ಹತ್ತು ಕೇಕ್ ತಯಾರಾದರೆ ಒಟ್ಟು 600 ಕೇಕ್ ಆಗುತ್ತವೆ. ಪ್ರತಿ ಕೇಕಿನ ಮೇಲೆ 30 ರೂಪಾಯಿ ಸವಕಳಿ ಬೀಳುತ್ತದೆ. ಉಳಿದದ್ದು 150 ರೂಪಾಯಿ. ಇನ್ನು ಸಮಯ: ಹಿಟ್ಟು ಕಲಸಿ ಬೇಯಿಸುವುದಕ್ಕೆ ಒಂದು ಗಂಟೆ, ಕ್ರೀಮ್ ಹಚ್ಚಲು ಒಂದು ಗಂಟೆ, ಹೂವು ಮತ್ತು ಹೆಸರಿನ ಅಲಂಕಾರಕ್ಕೆ ಒಂದೂವರೆ ಗಂಟೆ, ಸಾಮಾನು ತರುವುದು, ಗ್ರಾಹಕರೊಡನೆ ಮಾತು, ಪಾತ್ರೆ ತೊಳೆಯುವುದು ಎಲ್ಲಕ್ಕೂ ಒಂದು ಗಂಟೆ. ಒಟ್ಟು ನಾಲ್ಕೂವರೆ ಗಂಟೆಯ ದುಡಿಮೆಗೆ 150 ರೂಪಾಯಿ ಎಂದರೆ ಗಂಟೆಗೆ ಸುಮಾರು 33 ರೂಪಾಯಿ.

ಕರ್ನಾಟಕದಲ್ಲಿ 2025–26ನೇ ಸಾಲಿಗೆ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿಗೂ ಸ್ವಲ್ಪ ಹೆಚ್ಚು. ಅಂದರೆ ವರ್ಷಗಟ್ಟಲೆ ಅಭ್ಯಾಸ ಮಾಡಿ ಕಲಿತ ಕುಶಲ ಕೆಲಸಕ್ಕೆ ನೀವು ಕೆರೆಯ ಹೂಳೆತ್ತುವ ಕೂಲಿಗಿಂತಲೂ ಕಡಿಮೆ ಪಡೆಯುತ್ತಿದ್ದೀರಿ. ಹೂಳೆತ್ತುವ ಕೆಲಸ ಕೀಳೆಂದು ಇದರ ಅರ್ಥವಲ್ಲ. ಆ ಕೂಲಿಯನ್ನು ಸರ್ಕಾರ ನಿಗದಿಪಡಿಸಿದೆ. ನಿಮ್ಮ ಕೂಲಿಯನ್ನು ನಿಗದಿಪಡಿಸಬೇಕಾದವರು ನೀವೇ.

ಆದುದರಿಂದ ದರ ಕಟ್ಟುವ ಕ್ರಮ ಹೀಗಿರಲಿ. ಸಾಮಗ್ರಿ ಮತ್ತು ಇಂಧನ 420, ಸವಕಳಿ 30. ಸಾಮಾನ್ಯ ಕೆಲಸದ ಮೂರು ಗಂಟೆಗೆ 50ರಂತೆ 150, ಅಲಂಕಾರದ ಒಂದೂವರೆ ಗಂಟೆಗೆ 100ರಂತೆ 150. ಅಸಲು ಒಟ್ಟು 750 ರೂಪಾಯಿ. ಅದರ ಮೇಲೆ ಶೇಕಡಾ 20ರಷ್ಟು, ಅಂದರೆ 150 ರೂಪಾಯಿ ಲಾಭ ಸೇರಿಸಿದರೆ ದರ 900 ರೂಪಾಯಿ. ಕೂಲಿ ಬೇರೆ, ಲಾಭ ಬೇರೆ. ಕೂಲಿ ನಿಮ್ಮ ಕೈಗೆ ಸೇರಬೇಕಾದದ್ದು. ಲಾಭ ಉದ್ಯಮಕ್ಕೆ ಸೇರಬೇಕಾದದ್ದು. ಕೆಟ್ಟುಹೋದ ಕೇಕ್, ರದ್ದಾದ ಬೇಡಿಕೆ, ಸಂಘದ ಸಾಲದ ಬಡ್ಡಿ, ಬೇಡಿಕೆಯಿಲ್ಲದ ಆಷಾಢದ ದಿನಗಳು ಎಲ್ಲವನ್ನೂ ಆ ಲಾಭವೇ ತಡೆದುಕೊಳ್ಳಬೇಕು.

ಸಾಮಗ್ರಿಯ ಬೆಲೆಯನ್ನು ಎರಡು ಪಟ್ಟು ಮಾಡಿ ದರ ಹೇಳುವ ರೂಢಿಯೂ ಕೆಲವರಲ್ಲಿದೆ. ಅದು ಸುಲಭ, ಆದರೆ ಅಲಂಕೃತ ಕೇಕಿಗೆ ಹೊಂದುವುದಿಲ್ಲ. ಮೇಲೆ ಹೇಳಿದ ಕೇಕಿನ ಮೇಲೆಯೇ ಸಕ್ಕರೆಯ ಬೊಂಬೆ ಬೇಕೆಂದು ಗ್ರಾಹಕರು ಕೇಳಿದರೆಂದು ಭಾವಿಸಿ. ಸಾಮಗ್ರಿ ಹೆಚ್ಚೇನೂ ಬೇಕಾಗದಿದ್ದರೂ ಅಲಂಕಾರಕ್ಕೆ ಐದು ಗಂಟೆ ಹಿಡಿಯಬಹುದು. ಹೆಚ್ಚುವರಿ ಮೂರೂವರೆ ಗಂಟೆಗೆ 350 ರೂಪಾಯಿ ಸೇರಿ ಅಸಲು 1,100 ಆಗುತ್ತದೆ. ಲಾಭವೂ ಸೇರಿ 1,320 ರೂಪಾಯಿ. ತೂಕ ಒಂದೇ, ದರ ಬೇರೆ. ಕೇಕಿನ ಮೂಲ ದರವನ್ನು ಕಿಲೋ ಲೆಕ್ಕದಲ್ಲಿಯೂ ಅಲಂಕಾರದ ದರವನ್ನು ಗಂಟೆಯ ಲೆಕ್ಕದಲ್ಲಿಯೂ ಪ್ರತ್ಯೇಕವಾಗಿ ತೋರಿಸಿದರೆ ಗ್ರಾಹಕರಿಗೂ ಅದು ಅರ್ಥವಾಗುತ್ತದೆ.

"ನಮ್ಮವರೇ ಅಲ್ಲವೇ, ಸ್ವಲ್ಪ ಕಡಿಮೆ ಮಾಡಿ" ಎಂದು ಕೇಳುವವರು ಇದ್ದೇ ಇರುತ್ತಾರೆ. ದರ ಇಳಿಸಬೇಕಾದರೆ ಕೆಲಸವನ್ನು ಇಳಿಸಿ, ಕೂಲಿಯನ್ನು ಇಳಿಸಬೇಡಿ. ಬೊಂಬೆಯ ಬದಲು ಹೂವು, ಒಂದು ಕಿಲೋ ಬದಲು ಅರ್ಧ ಕಿಲೋ ಎಂದು ಸೂಚಿಸಿ. ಸೋದರಿಯ ಮಗುವಿಗೆ ಉಡುಗೊರೆ ಕೊಡುವ ಮನಸ್ಸಿದ್ದರೆ ಪೂರ್ತಿಯಾಗಿ ಉಡುಗೊರೆಯಾಗಿಯೇ ಕೊಡಿ. ಅರ್ಧ ದರಕ್ಕೆ ಕೊಟ್ಟರೆ ಅದು ಉಡುಗೊರೆಯೂ ಆಗದು, ವ್ಯಾಪಾರವೂ ಆಗದು, ಮರುದಿನದಿಂದ ಅದೇ ಊರಿನ ದರವಾಗಿಬಿಡುತ್ತದೆ.

ಒಂದೇ ಗ್ರಾಮದ ಸದಸ್ಯರು ಒಬ್ಬರಿಗಿಂತ ಒಬ್ಬರು ದರ ಇಳಿಸುತ್ತಾ ಹೋದರೆ ಕೊನೆಗೆ ಯಾರಿಗೂ ಕೂಲಿ ಗಿಟ್ಟುವುದಿಲ್ಲ. ಸಂಘದ ವಾರದ ಸಭೆಯಲ್ಲಿ ಗಂಟೆಯ ಕೂಲಿ ಎಷ್ಟಿರಬೇಕೆಂದು ಚರ್ಚಿಸಿರಿ. ರುಚಿಯಲ್ಲಿ, ಅಂದದಲ್ಲಿ ಪೈಪೋಟಿ ನಡೆಸಿರಿ; ಕೂಲಿಯನ್ನು ಕಳೆದುಕೊಳ್ಳುವುದರಲ್ಲಿ ಪೈಪೋಟಿ ಬೇಡ.

ನ್ಯಾಯಯುತ ದರವೆಂದರೆ ಗ್ರಾಹಕರಿಗೂ ನ್ಯಾಯ ದೊರೆಯಬೇಕು. ಹಲಗೆಯ ತೂಕವನ್ನು ಬಿಟ್ಟು ಕೇಕಿನ ತೂಕವನ್ನಷ್ಟೇ ಹೇಳಿರಿ. ಮೊಟ್ಟೆ ಬಳಸಿದ್ದರೆ ಮೊದಲೇ ತಿಳಿಸಿರಿ. ಅನುಮತಿ ಪಡೆದ ಬಣ್ಣಗಳನ್ನು ಮಾತ್ರ ಬಳಸಿರಿ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಅಡಿಯಲ್ಲಿ ಮನೆಯಲ್ಲಿ ಆಹಾರ ತಯಾರಿಸಿ ಮಾರುವವರೂ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ವಿನ್ಯಾಸ, ತೂಕ, ದಿನಾಂಕ, ದರಗಳನ್ನು ಚೀಟಿಯಲ್ಲಿ ಬರೆದು, ಅರ್ಧ ಹಣವನ್ನು ಮುಂಗಡವಾಗಿ ಪಡೆಯಿರಿ. ಬರೆದು ಒಪ್ಪಿಕೊಂಡ ದರವನ್ನು ಕೇಕ್ ಕೊಡುವ ಹೊತ್ತಿನಲ್ಲಿ ನೀವೂ ಏರಿಸಬೇಡಿ, ಅವರೂ ಇಳಿಸಲಾರರು.

900 ರೂಪಾಯಿ ಕೇಳಿದರೆ ಕೆಲವು ಗ್ರಾಹಕರು ಬೇಕರಿಗೆ ಹೋಗಬಹುದು. ಅವರನ್ನು ಹಿಡಿದಿಡಲು ನಿದ್ರೆಗೆಟ್ಟು ದುಡಿಯುವುದಕ್ಕಿಂತ, ನಿಮ್ಮ ಕೈಕೆಲಸವನ್ನು ಅರಸಿ ಬರುವ ಹತ್ತು ಮನೆಗಳಿಗೆ ಚೆನ್ನಾಗಿ ಮಾಡಿಕೊಡುವುದೇ ಲೇಸು. ಮುಂದಿನ ಕೇಕ್ ತಯಾರಿಸುವಾಗ ಗಡಿಯಾರ ನೋಡಿ, ಆರಂಭದ ಮತ್ತು ಮುಕ್ತಾಯದ ವೇಳೆಯನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಐದು ಕೇಕ್‌ಗಳ ವೇಳೆಯನ್ನು ಹೀಗೆ ಬರೆದ ನಂತರ ನಿಮ್ಮ ದರವನ್ನು ನೀವೇ ಕಟ್ಟಬಲ್ಲಿರಿ.