ಊರು ಬಿಟ್ಟು ಬೆಂಗಳೂರಿಗೆ ಬರುವ ಮುನ್ನ



ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೆ ಬೆಳಗಿನ ಜಾವ ಹೋಗಿ ನೋಡಿ. ರಾಯಚೂರು, ಬೀದರ್, ಶಿರಸಿ ಕಡೆಯ ರಾತ್ರಿ ಬಸ್ಸುಗಳಿಂದ ನಿಮ್ಮ ವಯಸ್ಸಿನ ಹುಡುಗ ಹುಡುಗಿಯರು ಇಳಿಯುತ್ತಿರುತ್ತಾರೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯ ಗಂಟು. ನಾನೂ ಒಂದು ಕಾಲಕ್ಕೆ ಹೀಗೆಯೇ ಇಳಿದವನು. ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲವನ್ನೂ ಜೋಪಾನವಾಗಿ ತಂದಿದ್ದೆ. ಈ ನಗರದ ನಿಯಮಗಳೇನು ಎಂಬುದನ್ನು ಮಾತ್ರ ಕೇಳಿ ತಿಳಿದಿರಲಿಲ್ಲ. ಅದರ ಬೆಲೆಯನ್ನೂ ತೆತ್ತೆ.

ಹೇಗೆ ಅನ್ನುತ್ತೀರಾ? ನನ್ನ ಮೊದಲ ಕೋಣೆಗೆ ಅಪ್ಪ ಸಾಲ ಮಾಡಿ ಮುಂಗಡ ಕೊಟ್ಟಿದ್ದರು. ರಸೀದಿ ಕೇಳಲು ಇಬ್ಬರಿಗೂ ಸಂಕೋಚ. ವರ್ಷ ಕಳೆದು ಕೋಣೆ ಬಿಡುವಾಗ ಮನೆಯೊಡೆಯರು ಸುಣ್ಣಬಣ್ಣದ ಖರ್ಚೆಂದು ಅರ್ಧ ಹಣ ಹಿಡಿದುಕೊಂಡರು. “ಹಾಗೆಂದು ಮಾತಾಗಿರಲಿಲ್ಲವಲ್ಲ” ಎಂದೆ. “ಕಾಗದ ಎಲ್ಲಿದೆ, ತೋರಿಸಪ್ಪ” ಎಂದರು. ನನ್ನಲ್ಲಿ ಕಾಗದವಿರಲಿಲ್ಲ.

ಆದ್ದರಿಂದ ಮೊದಲ ಮಾತು ಕರಾರು ಪತ್ರದ್ದು. ಬೆಂಗಳೂರಿನಲ್ಲಿ ಸಾಮಾನ್ಯವಾಗಿ 11 ತಿಂಗಳಿಗೆ ಬಾಡಿಗೆ ಕರಾರು ಮಾಡುತ್ತಾರೆ. ಏಕೆ 11? ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ. ಆ ಖರ್ಚು, ಓಡಾಟ ಬೇಡವೆಂದು ಬೆಳೆದುಬಂದ ರೂಢಿ ಇದು. ಅವಧಿ ಚಿಕ್ಕದೆಂದು ಪತ್ರವನ್ನು ಓದದೆ ಸಹಿ ಹಾಕಬೇಡಿ. ಮುಂಗಡ ಎಷ್ಟು, ಬಿಡುವಾಗ ಯಾವುದಕ್ಕೆ ಎಷ್ಟು ಕಡಿತ, ಎಷ್ಟು ದಿನ ಮೊದಲು ತಿಳಿಸಬೇಕು, ಈ ಮೂರೂ ಬರಹದಲ್ಲಿರಲಿ. ಹಣವನ್ನು ಬ್ಯಾಂಕಿನ ಮೂಲಕ ಕೊಡಿ. ಒಂದು ಪ್ರತಿ ನಿಮ್ಮ ಬಳಿ ಇರಲಿ.

ನಿಮ್ಮಲ್ಲಿ ಹೆಚ್ಚಿನವರು ಪಿ.ಜಿ.ಗಳಲ್ಲಿ ಇರಲು ಬರುತ್ತೀರಿ. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ 2024ರ ಆಗಸ್ಟ್‌ನಲ್ಲಿ ಪಿ.ಜಿ.ಗಳಿಗೆಂದೇ ಒಂದು ಸುತ್ತೋಲೆ ಹೊರಡಿಸಿತು. ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬಾಗಿಲಿಗೆ ಸಿ.ಸಿ. ಕ್ಯಾಮೆರಾ, ಅಡುಗೆ ಮಾಡುವುದಾದರೆ ಆಹಾರ ಸುರಕ್ಷತಾ ಪರವಾನಗಿ ಇರಬೇಕೆಂದು ಅದರಲ್ಲಿ ಹೇಳಿದೆ. ಕೋಣೆ ನೋಡಲು ಹೋದಾಗ ಈ ಪಟ್ಟಿ ನಿಮ್ಮ ಕೈಯಲ್ಲಿರಲಿ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯಲ್ಲಿ ನಾಲ್ಕು ಮಂಚ ಹಾಕಿದ್ದರೆ ಲೆಕ್ಕ ನೀವೇ ಮಾಡಬಲ್ಲಿರಿ.

ಇನ್ನು ಕಸದ ವಿಷಯ. “ಇದೂ ಒಂದು ವಿಷಯವೇ?” ಎಂದು ನಗಬೇಡಿ. ಊರಿನಲ್ಲಿ ತಿಪ್ಪೆಯಿತ್ತು, ದನಕರುಗಳಿದ್ದವು. ಸಿಪ್ಪೆಯೂ ಸಗಣಿಯೂ ಗೊಬ್ಬರವಾಗಿ ಹೊಲ ಸೇರುತ್ತಿದ್ದವು. ನಗರದಲ್ಲಿ ನೀವು ಎಸೆದದ್ದು ಎಲ್ಲಿಗೆ ಹೋಗುತ್ತದೆ? ಹಲವು ವರ್ಷ ಅದು ನಗರದಂಚಿನ ಮಂಡೂರು, ಮಾವಳ್ಳಿಪುರದಂಥ ಹಳ್ಳಿಗಳಿಗೆ ಹೋಯಿತು. ಅಲ್ಲಿ ಕಸ ಬೆಟ್ಟವಾಗಿ ಬೆಳೆಯಿತು. ನೊಣ, ದುರ್ವಾಸನೆ, ಕೆಟ್ಟ ಅಂತರ್ಜಲ ಆ ಹಳ್ಳಿಗರ ಪಾಲಾದವು. ಅವರು ಲಾರಿಗಳನ್ನು ತಡೆದು ಹೋರಾಡಿದರು. ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲೂ ಮಂಡೂರಿಗೆ ಹೋಗುವುದು 2014ರ ಕೊನೆಯಲ್ಲೂ ನಿಂತಿತು. ಮರುವರ್ಷ, 2015ರ ಡಿಸೆಂಬರ್‌ನಲ್ಲಿ, ಕಸವನ್ನು ಮನೆಯಲ್ಲೇ ಬೇರ್ಪಡಿಸುವುದು ಕಡ್ಡಾಯವೆಂದು ಹೈಕೋರ್ಟ್ ಆದೇಶಿಸಿತು. ಎರಡು ಡಬ್ಬಿ, ಒಂದು ಚೀಲ ಎಂಬ ಪದ್ಧತಿ ಬಂದದ್ದು ಹೀಗೆ. ಹಸಿರು ಡಬ್ಬಿಗೆ ಹಸಿ ಕಸ. ಕೆಂಪು ಡಬ್ಬಿಗೆ ಸ್ಯಾನಿಟರಿ ಪ್ಯಾಡ್, ಬ್ಯಾಂಡೇಜಿನಂಥವು. ಚೀಲಕ್ಕೆ ಕಾಗದ, ಪ್ಲಾಸ್ಟಿಕ್ಕಿನ ಒಣ ಕಸ. ಎಲ್ಲವನ್ನೂ ಒಂದೇ ಚೀಲದಲ್ಲಿ ತುಂಬಿ ರಾತ್ರಿ ರಸ್ತೆ ತಿರುವಿನಲ್ಲಿ ಎಸೆದರೆ ಅದಕ್ಕೆ ದಂಡವುಂಟು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬೆಳಗ್ಗೆ ಅದನ್ನು ಕೈಯಿಂದ ಬಿಡಿಸುವವರು ಒಬ್ಬ ಪೌರಕಾರ್ಮಿಕ ತಾಯಿ. ನೀವು ಎಸೆದ ಒಡೆದ ಗಾಜು ಆಕೆಯ ಬೆರಳಿಗೆ ತಾಗುತ್ತದೆ.

ನೀರಿನದೂ ಹೀಗೆಯೇ. ನಲ್ಲಿಯಲ್ಲಿ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳು ಎತ್ತಿದ ಮೇಲೆ ಏರಿ ಬರುತ್ತಾಳೆ. 2024ರ ಬೇಸಿಗೆಯಲ್ಲಿ ನಗರ ನೀರಿಗಾಗಿ ಪರದಾಡಿದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಬೈಕನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಲದೇ?

ಬೈಕಿನ ಮಾತು ಬಂತು. 18 ತುಂಬದವರು ಗೇರಿನ ಬೈಕು ಓಡಿಸುವಂತಿಲ್ಲ. ಚಿಕ್ಕವರು ಲೈಸೆನ್ಸಿಲ್ಲದೆ ಓಡಿಸಿ ಅಪರಾಧಕ್ಕೆ ಸಿಕ್ಕಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಜೈಲು ಶಿಕ್ಷೆಯೂ ಆಗಬಹುದು. ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯ. ಕರ್ನಾಟಕದಲ್ಲಿ 2016ರ ಜನವರಿಯಿಂದ ಈ ನಿಯಮವಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಗೆಳೆಯನ ಹುಟ್ಟುಹಬ್ಬವಾದರೂ ಅಷ್ಟೆ. ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಅಪರಾಧ. ಕೋಣೆಗೆ ಬೆಳಕು ಬರಲೆಂದು ಅಂಗಳದ ಮರ ಕಡಿಯುವುದಕ್ಕೂ ವೃಕ್ಷಾಧಿಕಾರಿಯ ಅನುಮತಿ ಬೇಕು. 1976ರ ಕಾಯಿದೆ ಹಾಗೆ ಹೇಳುತ್ತದೆ.

ತೊಂದರೆಯಾದಾಗ ಯಾರನ್ನು ಕೇಳಬೇಕು? 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಒಂದಲ್ಲ, ಐದು ನಗರ ಪಾಲಿಕೆಗಳಿವೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ನಿಮ್ಮ ಕೋಣೆ ಯಾವುದಕ್ಕೆ ಸೇರಿದೆ ಎಂದು ಮೊದಲ ವಾರವೇ ತಿಳಿದುಕೊಳ್ಳಿ. ಅಪಾಯದಲ್ಲಿ 112ಕ್ಕೆ ಕರೆ ಮಾಡಿ.

ಮಿತ್ರರೆ, ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ. ನಿಯಮ ಗೊತ್ತಿರಲಿಲ್ಲವೆಂದರೆ ಯಾರೂ ದಂಡ ಬಿಡುವುದಿಲ್ಲ, ಕಳೆದುಹೋದ ಮುಂಗಡವೂ ಬರುವುದಿಲ್ಲ. ಗೊತ್ತಿದ್ದರೆ ಎದುರಿಗೆ ನಿಂತು “ಕಾಗದ ಇಲ್ಲಿದೆ, ನೋಡಿ” ಎನ್ನಬಹುದು. ಅಂದು ನನಗೆ ಹೇಳಲಾಗದ ಆ ಮಾತನ್ನು ನೀವಾದರೂ ಹೇಳುವಂತಾಗಲಿ.