ಮುರಿದ ಆಟಿಕೆ, ಜೋಡಿಸುವ ಕೈ

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂದರ್ಭದಲ್ಲಿ ದೊಡ್ಡ ವಿಷಯಗಳನ್ನು ಕುರಿತು ಮಾತನಾಡುವವರು ಅನೇಕರಿದ್ದಾರೆ. ನಾನು ಸಣ್ಣದೊಂದನ್ನು ಆರಿಸಿಕೊಂಡಿದ್ದೇನೆ: ಪುಟ್ಟ ಮಕ್ಕಳ ಮುರಿದ ಆಟಿಕೆ. ಅದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು.

ವೃತ್ತಿಯ ಆರಂಭದ ದಿನಗಳಲ್ಲಿ, ಬೇರೊಂದು ಶಾಲೆಯಲ್ಲಿ, ಒಂದನೆಯ ತರಗತಿಯ ಬಾಲಕಿಯೊಬ್ಬಳು ಬಟ್ಟೆಯ ಗೊಂಬೆಯೊಂದನ್ನು ದಿನವೂ ಚೀಲದಲ್ಲಿ ತರುತ್ತಿದ್ದಳು. ಅದರ ಒಂದು ಕೈ ಕಿತ್ತುಹೋಗಿತ್ತು. ಹೊಟ್ಟೆಯಿಂದ ಹತ್ತಿ ಹೊರಬರುತ್ತಿತ್ತು. ಶುಚಿತ್ವದ ಹೆಸರಿನಲ್ಲಿ ನಾನು ಅದನ್ನು ಕಸದೊಡನೆ ಸುಡಿಸಿ, ಮರುದಿನ ಹೊಸ ಗೊಂಬೆಯನ್ನು ಕೊಟ್ಟೆ. ಆಕೆ ಅದನ್ನು ಮೇಜಿನ ಮೇಲಿಟ್ಟು, "ಇದು ನನ್ನದಲ್ಲ ಟೀಚರ್" ಎಂದಳು. ಹಳೆಯ ಗೊಂಬೆಯನ್ನು ಅಜ್ಜಿ ತಮ್ಮ ಸೀರೆಯ ಅಂಚಿನಿಂದ ಹೊಲಿದಿದ್ದರೆಂದೂ, ದೃಷ್ಟಿ ಮಂದವಾಗಿ ಅವರು ಮತ್ತೆ ಸೂಜಿ ಹಿಡಿಯಲಾರರೆಂದೂ ಆಮೇಲೆ ತಿಳಿಯಿತು. ನನ್ನ ಮೇಜಿನಲ್ಲಿ ಸೂಜಿ ದಾರ ಇತ್ತು. ಹತ್ತು ನಿಮಿಷದ ಕೆಲಸವನ್ನು ನಾನು ಮಾಡಲಿಲ್ಲ.

ನಮ್ಮ ಬಾಲ್ಯದಲ್ಲಿ ಅಡಿಕೆ ಹಾಳೆಯೇ ಬಂಡಿ, ತೆಂಗಿನ ಗರಿಯೇ ಪೀಪಿ. ಮುರಿದರೆ ಮಾಡಿದ ಕೈ ಮನೆಯಲ್ಲೇ ಇರುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಹೊರಬರುತ್ತಿತ್ತು. 14 ಗುಳಿಗಳಿಗೆ ನಾಲ್ಕರಂತೆ 56 ಕಾಯಿಗಳು. ಒಂದು ಕಳೆದರೆ ಹುಡುಕಿ ತುಂಬಬೇಕು. ಮಣೆ ಬಿರುಕು ಬಿಟ್ಟರೆ ಆಚಾರಿಗಳಲ್ಲಿಗೆ ಒಯ್ಯಬೇಕು. ಹೊಸ ಮಣೆ ಕೊಳ್ಳುವ ಮಾತೇ ಇರಲಿಲ್ಲ.

ಚನ್ನಪಟ್ಟಣದ ಆಟಿಕೆಗಳನ್ನು ನೋಡಿ. ಹಾಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಗೆ ಜಾತಿಯ ಗರಿಯಿಂದ ತಿಕ್ಕಿ ಹೊಳಪು ಕೊಡುತ್ತಾರೆ. ಕಿನ್ನಾಳದ ಗೊಂಬೆಗಳಿಗೆ ಹುಣಸೆ ಬೀಜದ ಅಂಟನ್ನು ಬಳಸುತ್ತಾರೆ. ಮರ, ಅರಗು, ಬೀಜ: ಇವೆಲ್ಲ ದುರಸ್ತಿಗೆ ಒಗ್ಗುವ ವಸ್ತುಗಳು.

ಆದರೆ ದುರಸ್ತಿಯಲ್ಲಿ ವಿವೇಕವೂ ಬೇಕು. ಮಗು ಬಾಯಿಗಿಡುವ ಆಟಿಕೆಗೆ ಗೋಡೆಯ ಬಣ್ಣ ಬಳಿಯಬಾರದು. ಬಣ್ಣ ಮಾಸಿದ್ದರೆ ಹಾಗೆಯೇ ಇರಲಿ. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಗೆ ಕಣ್ಣಾಗಿ ಗುಂಡಿ ಹೊಲಿಯುವ ಬದಲು ದಾರದಿಂದಲೇ ಕಸೂತಿ ಹಾಕಿ. ಗುಂಡಿ ಕಿತ್ತುಬಂದರೆ ಉಸಿರುಗಟ್ಟಬಹುದು. ಗುಂಡಿಯಾಕಾರದ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ ಆ ಆಟಿಕೆಯನ್ನು ಮಗುವಿಗೆ ಕೊಡಲೇಬೇಡಿ. ನುಂಗಿದ ಬ್ಯಾಟರಿ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಸೀಳಿದ ಪ್ಲಾಸ್ಟಿಕ್ಕಿನ ಅಂಚು ಹರಿತವಾಗಿದ್ದರೆ ಅದನ್ನು ತ್ಯಜಿಸುವುದೇ ಸರಿ. ಆದರೆ ಮಗುವಿಗೆ ತಿಳಿಸಿ, ಅದರ ಒಪ್ಪಿಗೆ ಪಡೆದು ತ್ಯಜಿಸಿ.

ಇನ್ನೊಂದು ಮಾತು. ಮಗು ಮಲಗಿದ ಮೇಲೆ ಗುಟ್ಟಾಗಿ ದುರಸ್ತಿ ಮಾಡಬೇಡಿ. ಪಕ್ಕದಲ್ಲಿ ಕುಳ್ಳಿರಿಸಿ, ದಾರ ಹಿಡಿಯಲಿ, ಅಂಟು ಒಣಗುವ ತನಕ ಕಾಯಲಿ. ಮುರಿದುದನ್ನು ಸರಿಪಡಿಸಬಹುದೆಂಬ ನಂಬಿಕೆ ಪುಸ್ತಕದಿಂದ ಬರುವುದಲ್ಲ. ತಪ್ಪಿದ ಲೆಕ್ಕವನ್ನು ಮತ್ತೆ ಬಿಡಿಸುವ, ಮುನಿದ ಗೆಳೆಯನೊಡನೆ ಮತ್ತೆ ಮಾತನಾಡುವ ಧೈರ್ಯವೂ ಅಲ್ಲಿಂದಲೇ ಮೊಳೆಯುತ್ತದೆ.

ಈ ವರ್ಷದಿಂದ ಪುಟ್ಟ ಮಕ್ಕಳ ತರಗತಿಯಲ್ಲಿ ಒಂದು ಪೆಟ್ಟಿಗೆ ಇರಲಿದೆ: ಸೂಜಿ, ದಾರ, ಬಟ್ಟೆಯ ತುಂಡು, ಮರದ ಅಂಟು, ಉಜ್ಜುಕಾಗದ. ತಿಂಗಳಿಗೊಮ್ಮೆ ಅಜ್ಜಿಯಂದಿರು, ಆಚಾರಿಗಳು, ಹಳೆ ವಿದ್ಯಾರ್ಥಿಗಳು ಬಂದು ಒಂದು ಗಂಟೆ ಕುಳಿತರೆ ಸಾಕು. ಹೊಸ ಆಟಿಕೆಗಳ ದೇಣಿಗೆಗೆ ನಾವು ಕೃತಜ್ಞರು. ನಿಮ್ಮ ಒಂದು ಗಂಟೆಗೆ ಇನ್ನೂ ಹೆಚ್ಚು ಕೃತಜ್ಞರು.

ಆ ಬಾಲಕಿಗೆ ನಾನು ಕೊಡಲಾಗದ ಹತ್ತು ನಿಮಿಷಗಳನ್ನು ಈ ಮಕ್ಕಳಿಗಾದರೂ ಕೊಡುವಾಸೆ.