ವಲಲನ ಸೌಟು



ಲೇಪಾಕ್ಷಿಯ ಗುಡಿಗೆ ಹೋಗಿ ಬಂದವರಿಗೆ ಅಲ್ಲಿನ ಏಳು ಹೆಡೆಯ ನಾಗಲಿಂಗದ ಕಥೆ ಗೊತ್ತಿರುತ್ತದೆ. ಶಿಲ್ಪಿಗಳು ಹಸಿದು ಊಟಕ್ಕೆ ಬಂದರಂತೆ. ತಾಯಿಯ ಅಡುಗೆ ಇನ್ನೂ ಒಲೆಯ ಮೇಲೇ ಇತ್ತು. ಸುಮ್ಮನೆ ಯಾಕೆ ಕೂರೋಣ ಅಂತ ಎದುರಿಗಿದ್ದ ಬಂಡೆಗೇ ಉಳಿ ಹಚ್ಚಿದರು. ಅಡುಗೆ ಇಳಿಸಿ ತಾಯಿ ಹೊರಗೆ ಬರುವ ಹೊತ್ತಿಗೆ ಹಾವು ಹೆಡೆ ಬಿಚ್ಚಿ ನಿಂತಿತ್ತು. ಅವಳ ಕಣ್ಣು ತಾಗಿ ಕಲ್ಲು ಬಿರಿಯಿತು ಎಂದು ಹೇಳಿ, ಊರವರು ಆ ಬಿರುಕನ್ನೂ ತೋರಿಸುತ್ತಾರೆ. ಅದೇ ಗುಡಿಯ ಆವರಣದ ಹಾಸುಬಂಡೆಯಲ್ಲಿ ತಟ್ಟೆಗಳನ್ನು ಕಡೆದಿದ್ದಾರೆ, ಒಂದೊಂದರೊಳಗೆ ಸಣ್ಣ ಸಣ್ಣ ಗುಳಿ. ಕೆಲಸದವರು ಉಣ್ಣುತ್ತಿದ್ದ ತಟ್ಟೆ ಅನ್ನುವವರಿದ್ದಾರೆ, ಅಲ್ಲ, ಚಿತ್ರಕಾರರು ಬಣ್ಣ ಕಲಸುತ್ತಿದ್ದದ್ದು ಅನ್ನುವವರೂ ಇದ್ದಾರೆ. ಈ ವಾದ ಹೀಗೇ ಉಳಿದರೆ ನನಗೇನೂ ಬೇಸರವಿಲ್ಲ.

ಊಟವೂ ಚಿತ್ರವೂ ಹೀಗೆ ಅಕ್ಕಪಕ್ಕದಲ್ಲಿರುವ ಈ ಗಡಿಸೀಮೆಯ ರಾಯದುರ್ಗದಲ್ಲೋ ಮಡಕಶಿರಾದಲ್ಲೋ ಒಂದು ಓಣಿಯವರು ಸೇರಿ ತಿಂಡಿಹಬ್ಬ ಮಾಡುತ್ತಾರೆ ಅಂದುಕೊಳ್ಳಿ. ಆ ಹಬ್ಬಕ್ಕೆಂದೇ ಊರಿನ ಚಿತ್ರಕಾರರು ಒಂದು ಸೂಪರ್‌ಹೀರೋ ಕಾಮಿಕ್ಸ್ ಬರೆದರೆ ಅದರ ನಾಯಕ ಯಾರಾದಾನು?

ತಿನ್ನುವ ಪದಾರ್ಥಕ್ಕೂ ಚಿತ್ರಕಥೆಯ ವೀರನಿಗೂ ಗಂಟು ಹಾಕಿದವರು ಹೊರಗೂ ಇದ್ದಾರೆ. ಅಮೆರಿಕದ ಪತ್ರಿಕೆಗಳಲ್ಲಿ 1929ರಲ್ಲಿ ಕಾಣಿಸಿಕೊಂಡ ಪಾಪಾಯ್ ಎಂಬ ನಾವಿಕ ಪಾಲಕ್ ಸೊಪ್ಪು ತಿಂದು ತೋಳು ಉಬ್ಬಿಸುವವನು. ಟೆಕ್ಸಾಸಿನ ಕ್ರಿಸ್ಟಲ್ ಸಿಟಿಯಲ್ಲಿ ಆ ಸೊಪ್ಪು ಬೆಳೆಯುವ ಜನ 1937ರಲ್ಲಿ ಅವನಿಗೊಂದು ಪ್ರತಿಮೆಯನ್ನೇ ನಿಲ್ಲಿಸಿದರು. ತಮ್ಮ ಬೆಳೆಗೆ ಹೆಸರು ತಂದವನು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಹೋದರೆ ಶೇಂಗಾ ಬೆಳೆಯುವ ಅನಂತಪುರದ ಸೀಮೆಗೆ ಶೇಂಗಾ ತಿಂದು ಹಾರುವ ಹುಡುಗನೊಬ್ಬ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ಹುಟ್ಟಬೇಕಾದ ಅಗತ್ಯವೂ ಇರಲಿಲ್ಲ, ಯಾಕೆಂದರೆ ಇಲ್ಲಿಯ ಅಡುಗೆಮನೆಯಲ್ಲಿ ಆಗಲೇ ಒಬ್ಬನಿದ್ದ.

ಅವನು ವಲಲ. ಅಜ್ಞಾತವಾಸದ ವರ್ಷ ವಿರಾಟನ ಅರಮನೆಯಲ್ಲಿ ಭೀಮ ಬಾಣಸಿಗನಾಗಿ ನಿಂತನಲ್ಲ, ಆ ವಲಲ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಜನರನ್ನು ಹಿಡಿದ ಚಮತ್ಕಾರ ಯಾವುದು? ಹಗಲು ಕನ್ನಡಕ ಹಾಕಿಕೊಂಡ ಸಾಧು ಪತ್ರಕರ್ತ, ಆಪತ್ತು ಬಂದರೆ ಮಹಾಬಲಿ, ಎರಡೂ ಒಬ್ಬನೇ ಅಂತ ಯಾರಿಗೂ ತಿಳಿಯದು. ನಮ್ಮ ಅಜ್ಜಿಯರು ಇದನ್ನು ಬಯಲಾಟದಲ್ಲಿ ರಾತ್ರಿಯಿಡೀ ನೋಡಿದ್ದಾರೆ. ಹಗಲು ಸೌಟು ಹಿಡಿದು ನೂರಾರು ಜನಕ್ಕೆ ಬೇಯಿಸಿ ಹಾಕುವವನು, ರಾತ್ರಿ ನರ್ತನಶಾಲೆಯಲ್ಲಿ ಕೀಚಕನ ಮೂಳೆ ಮುರಿದು, ಬೆಳಗಾಗುವುದರೊಳಗೆ ಮತ್ತೆ ಒಲೆಯ ಮುಂದೆ. ಇವನಿಗೆ ಬೆನ್ನ ಮೇಲೆ ಹಾರಾಡುವ ಕೆಂಪು ಬಟ್ಟೆ ಬೇಕಿಲ್ಲ. ಹೆಗಲ ಮೇಲೆ ಬೆವರೊರೆಸುವ ವಸ್ತ್ರ ಇದ್ದೇ ಇದೆ.

ಬರೆಯುವ ಕೈಗಳಿಗೂ ಈ ಸೀಮೆಯಲ್ಲಿ ಬರವಿಲ್ಲ. ಧರ್ಮಾವರದ ಹತ್ತಿರ ನಿಮ್ಮಲಕುಂಟ ಅಂತ ಒಂದು ಹಳ್ಳಿ. ತೊಗಲುಗೊಂಬೆಯವರ ಊರು. ಅಲ್ಲಿಯ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಡಿನ ಚರ್ಮ ಹದಮಾಡಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವಾಗುವವರೆಗೆ ಉಜ್ಜಿ, ಎಳೆದು ಒಣಗಿಸುತ್ತಾರೆ. ಆಮೇಲೆ ರೇಖೆ. ಆಮೇಲೆ ಉಳಿ. ಕಿರೀಟ, ಕೊರಳ ಸರ, ಸೊಂಟದ ಪಟ್ಟಿ ಇವನ್ನೆಲ್ಲ ಬಣ್ಣದಲ್ಲಿ ತುಂಬುವುದಕ್ಕೆ ಮೊದಲು ತೂತಿನಲ್ಲಿ ಕೊರೆಯುತ್ತಾರೆ. ಕೈಯಲ್ಲಿ ಹಿಡಿದು ನೋಡಿದರೆ ಅದು ಬರೀ ತೂತು. ಬಿಳಿ ಪರದೆಯ ಹಿಂದೆ ದೀಪದ ಮುಂದೆ ಹಿಡಿದಾಗ ಒಂದೊಂದು ತೂತೂ ಮುತ್ತಾಗುತ್ತದೆ. ಆಂಧ್ರದ ಕಡೆಯ ಗೊಂಬೆಗಳು ಎತ್ತರಕ್ಕೂ ಹೆಸರಾದವು. ಹನುಮಂತನೋ ರಾವಣನೋ ಪರದೆಗೆ ಬಂದರೆ ಆಳೆತ್ತರ. ಈಗ ಆಟ ಕರೆಸುವವರು ಕಡಿಮೆಯಾಗಿ, ಅದೇ ಕೈಗಳು ಅದೇ ಚರ್ಮದಲ್ಲಿ ದೀಪದ ಹೊದಿಕೆ ಮಾಡಿ ಮಾರುತ್ತಿವೆ.

ಹಳೆಯ ಗೊಂಬೆಗೆ ಹೊಸ ವೀರ ಒಗ್ಗುತ್ತಾನೆಯೇ ಎಂಬ ಅನುಮಾನ ಬೇಡ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೇ ತೊಗಲಿನಲ್ಲಿ ಕೊರೆದು ಪರದೆಗೆ ತಂದರು. ಇನ್ನು ಲೇಪಾಕ್ಷಿಯ ಚಿತ್ರಕಾರರು, ಹದಿನಾರನೇ ಶತಮಾನದಲ್ಲಿ, ಅಚ್ಯುತರಾಯನ ಕಾಲದವರು, ಗುಡಿಯ ಮಾಡಿನಲ್ಲಿ ಕಿರಾತಾರ್ಜುನೀಯವನ್ನು ಒಂದರ ಪಕ್ಕ ಒಂದು ಸನ್ನಿವೇಶವಾಗಿ ಬರೆದಿದ್ದಾರೆ. ಅದೂ ಚಿತ್ರಕಥೆಯೇ, ಓದುವವರು ಪುಟ ತಿರುಗಿಸುವ ಬದಲು ಕತ್ತೆತ್ತಿ ನಡೆಯಬೇಕು, ಅಷ್ಟೇ. ಪುರಾಣದವರಿಗೆ ಅವರು ತೊಡಿಸಿದ್ದು ತಮ್ಮ ಕಣ್ಣೆದುರಿನ ವಿಜಯನಗರದವರ ಸೀರೆ, ತುರುಬು, ಉದ್ದನೆಯ ಟೊಪ್ಪಿಗೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರಿದ್ದಾರೆ. ವಲಲನಿಗೊಂದು ಜೀನ್ಸ್ ಹಾಕಿಸಿದರೆ ಲೇಪಾಕ್ಷಿಯವರು ಬೇಡ ಅನ್ನುವವರಲ್ಲ.

ಮಾತಿನ ಗುಳ್ಳೆಗಳನ್ನು ಯಾವ ಭಾಷೆಯಲ್ಲಿ ಬರೆಯುವುದು? ಇದು ನಮ್ಮ ಗಡಿಯ ನಿಜವಾದ ತೊಡಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾಕ್ಕಂತೂ ಮೂರು ದಿಕ್ಕಿನಲ್ಲೂ ಕರ್ನಾಟಕ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಓದುವ ಮಕ್ಕಳು ಇಲ್ಲಿದ್ದಾರೆ. ಅಂಥ ಮಗುವಿನ ಕೈಗೆ ಕನ್ನಡದ ಕಾದಂಬರಿ ಕೊಟ್ಟರೆ ಮುಚ್ಚಿ ಇಟ್ಟೀತು. ಚಿತ್ರಕಥೆ ಕೊಟ್ಟರೆ ಚಿತ್ರವೇ ಕೈ ಹಿಡಿದು ಅಕ್ಷರದ ಬಳಿಗೆ ಕರೆದೊಯ್ಯುತ್ತದೆ. ಅಮರ ಚಿತ್ರ ಕಥೆ ಮಾಲೆ 1965ರಲ್ಲಿ ಕಣ್ಣು ಬಿಟ್ಟದ್ದು ಕನ್ನಡದಲ್ಲಿ, ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಯೋಚನೆಯಿಂದ. ಪರದೇಶದ ಮಕ್ಕಳ ಕಥೆಗಳೇ ಮೊದಲು ಬಂದವು, ಕೃಷ್ಣ ಆಮೇಲೆ ಬಂದ. ರಾಯದುರ್ಗದ ಪುಸ್ತಕದಲ್ಲಿ ಎರಡು ಲಿಪಿಯೂ ಇರಲಿ. ಎಣ್ಣೆಗೆ ಬಿದ್ದ ಬಜ್ಜಿಯ ಚೊಂಯ್ ಸದ್ದನ್ನು ಹೇಗೆ ಬರೆದರೂ ನಡೆಯುತ್ತದೆ.

ಮೊದಲ ಪುಟ ನನಗೆ ಕಾಣುತ್ತಿದೆ. ಮಂಡಕ್ಕಿ ನೀರಿನಲ್ಲಿ ಅದ್ದಿ ಹಿಂಡುವ ಎರಡು ಭಾರಿ ಕೈ. ಬಾಣಲೆಯಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ. ಮೇಲೆ ಹುರಿಗಡಲೆ ಪುಡಿ ಉದುರಿಸಿ, ಪಕ್ಕದಲ್ಲಿ ಎರಡು ಮಿರ್ಚಿ ಇಟ್ಟಾಗಲೇ ಮುಖ ತೋರಿಸಬೇಕು. ಬಳ್ಳಾರಿಯಿಂದ ಅನಂತಪುರದವರೆಗೆ ಈ ಒಗ್ಗಾಣಿ ಮಿರ್ಚಿ ತಿಂದು ಬೆಳೆದ ಯಾವ ಹುಡುಗನಿಗೂ ಇವನು ನಮ್ಮವನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬ ಮಾಡುವವರಿಗೆ ಒಂದು ಮಾತು. ಶಾಮಿಯಾನಕ್ಕೆ, ಮೈಕಿಗೆ, ಫ್ಲೆಕ್ಸಿಗೆ ಮುಂಗಡ ಕೊಡುತ್ತೀರಿ, ಅಡುಗೆಯವರಿಗೂ ಕೊಡುತ್ತೀರಿ. ಚಿತ್ರ ಬರೆಯುವವನಿಗೆ ಮಾತ್ರ, ಬಾರಪ್ಪ, ಊಟ ಮಾಡಿಕೊಂಡು ಹೋಗು ಅನ್ನುತ್ತೀರಿ. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಯುವ ಕೆಲಸ ಕಳೆದುಕೊಂಡವರು, ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು ನಿಮ್ಮ ಓಣಿಯಲ್ಲೇ ಇದ್ದಾರು. ಅಡುಗೆಯವರಿಗೆ ಮುಂಗಡ ಕೊಡುವ ದಿನವೇ ಅವರ ಮನೆಗೂ ಹೋಗಿ ಬನ್ನಿ.